ಸಕ್ಕರೆಯಿಲ್ಲದ ಸಿಹಿ: ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ

ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರವೇ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಬೆರಳುದ್ದದ ಬಿಳಿ ಡಬ್ಬಿಯೊಂದು ಬಂದು ಕೂತಿತು. ತಲೆ ಒತ್ತಿದರೆ ಟಿಕ್ ಎಂದು ಜೋಳದ ಕಾಳಿಗಿಂತ ಚಿಕ್ಕ ಗುಳಿಗೆ ಲೋಟಕ್ಕೆ ಬೀಳುತ್ತದೆ. ಒಂದು ಗುಳಿಗೆ ಒಂದು ಚಮಚ ಸಕ್ಕರೆಗೆ ಸಮ ಎಂದು ಡಬ್ಬಿಯ ಮೇಲೆ ಬರೆದಿತ್ತು. ಅಮ್ಮ ಎರಡು ಗುಳಿಗೆ ಹಾಕಿ, ಎಂದಿನಂತೆ ಕಾಫಿಯನ್ನು ಎತ್ತಿ ಹೊಯ್ದು ನೊರೆ ಬರಿಸಿ, ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸಿಹಿ ಇದೆ ಕಣೋ, ಕಾಫಿನೇ ಎಲ್ಲೋ ಹೋಯ್ತು" ಎಂದರು. ಅದೇ ಗುಳಿಗೆಯನ್ನು ಮಧ್ಯಾಹ್ನ ನಿಂಬೆಹಣ್ಣಿನ ಪಾನಕಕ್ಕೆ ಹಾಕಿದಾಗ ಏನೂ ಅನ್ನದೆ ಲೋಟ ಖಾಲಿ ಮಾಡಿದರು. ಶುಕ್ರವಾರ ಮಾಡಿದ ಹೆಸರುಬೇಳೆ ಪಾಯಸ ಮಾತ್ರ ಎರಡು ಚಮಚಕ್ಕೇ ಸಾಕಾಯಿತು.

ಒಂದೇ ಡಬ್ಬಿ, ಒಂದೇ ಗುಳಿಗೆ, ಮೂರು ಕಡೆ ಮೂರು ತೀರ್ಪು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ಕೃತಕ ಸಿಹಿ ರುಚಿಯಾಗಿರುತ್ತದೆಯೇ?" ಎಂದು ಕೇಳಿದವರಿಗೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ಯಾವ ಸಿಹಿಕಾರಕ, ಯಾವುದಕ್ಕೆ ಹಾಕಿದ್ದು, ಬಿಸಿಯೋ ತಂಪೋ, ಹುಳಿಯೋ ಹಾಲೋ, ಕುಡಿಯುವವರು ಯಾರು, ಇಷ್ಟೂ ತಿಳಿದ ಮೇಲೆಯೇ ಉತ್ತರ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇಷ್ಟು ಜನರ ಬೆಳಗಿನ ಕಾಫಿ, ಹಬ್ಬದ ಎಲೆ ಇದರ ಜೊತೆ ತಳಕು ಹಾಕಿಕೊಂಡಿದೆ. ಆದರೂ ಈ ಗುಳಿಗೆ-ಪುಡಿಗಳ ಆರೋಗ್ಯದ ಕಡೆ ನಮ್ಮಲ್ಲಿ ನಡೆದಷ್ಟು ಚರ್ಚೆ ರುಚಿಯ ಕಡೆ ನಡೆದಿಲ್ಲ.

ನಾಲಿಗೆಯ ಬಾಗಿಲು

ನಾಲಿಗೆ ಸಿಹಿಯನ್ನು ಗುರುತಿಸುವುದು ಹೇಗೆ ಎಂಬುದು ವಿಜ್ಞಾನಿಗಳಿಗೆ ಬಿಡಿಸಿ ಗೊತ್ತಾಗಿದ್ದು 2001ರ ಸುಮಾರಿಗೆ. ರುಚಿಮೊಗ್ಗುಗಳಲ್ಲಿ ಟಿ1ಆರ್2, ಟಿ1ಆರ್3 ಎಂಬ ಎರಡು ಪ್ರೋಟೀನುಗಳು ಜೋಡಿಯಾಗಿ, ಸಿಹಿಯ ಗ್ರಾಹಕವಾಗಿ ಕೂತಿರುತ್ತವೆ. ಸಕ್ಕರೆ, ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ ಎಲ್ಲವೂ ತಟ್ಟುವುದು ಇದೇ ಬಾಗಿಲನ್ನು. ಬೆಕ್ಕಿನ ಜಾತಿಗೆ ಈ ಜೋಡಿಯಲ್ಲಿ ಒಂದು ಕೆಟ್ಟಿರುವುದರಿಂದ ಸಿಹಿ ಎಂಬುದೇ ಗೊತ್ತಿಲ್ಲ. ಪಾಯಸದ ಪಾತ್ರೆಗೆ ಬಾಯಿ ಹಾಕುವ ಬೆಕ್ಕು ಬಂದಿರುವುದು ಹಾಲು ತುಪ್ಪಕ್ಕಾಗಿ.

ಈ ಬಾಗಿಲನ್ನು ಮುಚ್ಚಿ ನೋಡುವ ಉಪಾಯವೂ ನಮ್ಮ ಕೈಗೆಟುಕುವ ಹಾಗೇ ಇದೆ. ಮಧುನಾಶಿನಿ ನಮ್ಮ ಘಟ್ಟದ ಕಾಡುಗಳಲ್ಲಿ ಹಬ್ಬುವ ಬಳ್ಳಿ. ಅದರ ಎರಡು ಹಸಿ ಎಲೆಗಳನ್ನು ಚೆನ್ನಾಗಿ ಅಗಿದು, ರಸವನ್ನು ನಾಲಿಗೆಯ ಮೇಲೆಲ್ಲ ಆಡಿಸಿ ಉಗುಳಿದೆ. ಬಾಯೆಲ್ಲ ಒಗರು. ನೀರು ಮುಕ್ಕಳಿಸಿ ಚಿಟಿಕೆ ಸಕ್ಕರೆ ಹಾಕಿಕೊಂಡರೆ ಮರಳು! ಹಲ್ಲಿಗೆ ಗರಗರ ಸಿಗುತ್ತದೆ, ಕರಗುತ್ತದೆ, ರುಚಿ ಮಾತ್ರ ಇಲ್ಲ. ಡಬ್ಬಿಯ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟರೆ ಸೀಮೆಸುಣ್ಣದ ಚೂರು. ಸುಮಾರು ಅರ್ಧ ಗಂಟೆಯಲ್ಲಿ ಸಿಹಿ ಮೆಲ್ಲಗೆ ಮರಳಿತು. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಆ ಗ್ರಾಹಕಕ್ಕೆ ಅಂಟಿ ಕೂತು ಅಷ್ಟು ಹೊತ್ತು ಯಾವ ಸಿಹಿಯನ್ನೂ ಒಳಗೆ ಬಿಟ್ಟಿರಲಿಲ್ಲ. ಸಹಜ, ಕೃತಕ ಎಂದು ನಾವು ಎಷ್ಟೇ ಭೇದ ಮಾಡಿದರೂ ನಾಲಿಗೆಗೆ ಸಿಹಿಯ ಬಾಗಿಲು ಒಂದೇ ಎಂಬುದು ಈ ಎರಡು ಎಲೆಗಳಿಂದ ಮನದಟ್ಟಾಗುತ್ತದೆ.

ಬಾಗಿಲು ಒಂದೇ ಆದರೆ ರುಚಿ ಯಾಕೆ ಬೇರೆ? ಮೂರು ಕಾರಣಗಳಿವೆ, ಮುಂದಿನದೆಲ್ಲ ಇವುಗಳ ಮೇಲೆಯೇ ನಿಂತಿದೆ.

ಮೊದಲನೆಯದು ಕಹಿ. ಸಕ್ಕರೆ ಸಿಹಿಯ ಬಾಗಿಲನ್ನು ಬಿಟ್ಟು ಬೇರೆಲ್ಲೂ ತಟ್ಟುವುದಿಲ್ಲ. ಸ್ಯಾಕರಿನ್ ಮತ್ತು ಅಸಿಸಲ್ಫೇಮ್-ಕೆ ಹಾಗಲ್ಲ. ನಾಲಿಗೆಯಲ್ಲಿ ಕಹಿಗೆಂದೇ ಸುಮಾರು 25 ಬಗೆಯ ಗ್ರಾಹಕಗಳಿವೆ, ಅವುಗಳಲ್ಲಿ ಒಂದೆರಡನ್ನು ಇವು ಹೋಗುತ್ತಾ ತಟ್ಟಿಯೇ ಹೋಗುತ್ತವೆ. ಸ್ಟೀವಿಯಾ ಇನ್ನೆರಡನ್ನು ತಟ್ಟುತ್ತದೆ. ಈ ಕಹಿ ಗ್ರಾಹಕಗಳ ಜೀನು ಎಲ್ಲರಲ್ಲೂ ಒಂದೇ ಥರ ಇಲ್ಲ. ಒಂದೇ ಮನೆಯಲ್ಲಿ ಒಬ್ಬರು "ಥೂ, ಕಹಿ" ಎಂದರೆ ಇನ್ನೊಬ್ಬರು "ಕಹಿ ಎಲ್ಲಿದೆ, ನಿನಗೆ ಭ್ರಮೆ" ಎನ್ನುತ್ತಾರೆ. ಇಬ್ಬರೂ ಹೇಳುತ್ತಿರುವುದು ನಿಜವೇ. ವಯಸ್ಸಾದ ರೋಗಿ ಗುಳಿಗೆ ಕಹಿ ಎಂದರೆ ಹಟ ಮಾಡುತ್ತಿದ್ದಾರೆ ಎಂದು ಗದರಿಸುವವರು ಇದನ್ನು ದಯವಿಟ್ಟು ನೆನಪಿಡಬೇಕು.

ಎರಡನೆಯದು ಹೊತ್ತು. ಸಕ್ಕರೆ ಬಾಯಿಗೆ ಬಿದ್ದ ಕೂಡಲೇ ಸಿಹಿ ಏರುತ್ತದೆ, ನುಂಗಿದ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಸಿಸಲ್ಫೇಮ್ ಬೇಗ ಬಂದು ಬೇಗ ಹೋಗುತ್ತದೆ. ಆಸ್ಪರ್ಟೇಮ್ ಕೊಂಚ ತಡವಾಗಿ ಬರುತ್ತದೆ, ಉಳಿಯುತ್ತದೆ. ಸುಕ್ರಲೋಸ್ ಇನ್ನೂ ಉಳಿಯುತ್ತದೆ. ಸ್ಟೀವಿಯಾದ್ದು ಬಾಯಿ ಬಿಟ್ಟು ಹೋಗಲೊಲ್ಲದ ಸಿಹಿ, ಕೊನೆಯಲ್ಲಿ ಜ್ಯೇಷ್ಠಮಧುವಿನ ಕಡ್ಡಿ ಅಗಿದ ಹಾಗೆ. ನಾಲಿಗೆ ಸಕ್ಕರೆಯ ಏರಿಳಿತಕ್ಕೆ ಪಳಗಿದೆ. ಹೊತ್ತು ತಪ್ಪಿದ ಸಿಹಿ ಎಷ್ಟೇ ಶುದ್ಧವಾಗಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಸಕ್ಕರೆಯನ್ನು ಹೆಚ್ಚಿಸುತ್ತಾ ಹೋದಂತೆ ಸಿಹಿಯೂ ಹೆಚ್ಚುತ್ತಾ ಹೋಗುತ್ತದೆ. ಈ ಸಿಹಿಕಾರಕಗಳು ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತವೆ. ಸ್ಯಾಕರಿನ್, ಸ್ಟೀವಿಯಾಗಳನ್ನು ಎಷ್ಟು ಸುರಿದರೂ ನೂರಕ್ಕೆ ಹತ್ತು ಪಾಲು ಸಕ್ಕರೆ ಹಾಕಿದ ನೀರಿನಷ್ಟು ಸಿಹಿಯನ್ನು ಹೆಚ್ಚು ದಾಟುವುದಿಲ್ಲ. ಆಸ್ಪರ್ಟೇಮ್, ಸುಕ್ರಲೋಸ್ ಅದಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತವೆ. ಆ ಮೇಲೆ ಹಾಕಿದ್ದೆಲ್ಲ ಅಡ್ಡರುಚಿಗೇ ಹೋಗುತ್ತದೆ. ತಂಪುಪಾನೀಯದಲ್ಲಿ ಸಕ್ಕರೆ ಇರುವುದೇ ನೂರಕ್ಕೆ ಹತ್ತರ ಆಸುಪಾಸು. ಜಾಮೂನಿನ ಪಾಕದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯದೇ. ಪೇಯದಲ್ಲಿ ಗೆಲ್ಲುವ ಸಿಹಿಕಾರಕ ಮಿಠಾಯಿಯಲ್ಲಿ ಸೋಲುವುದರ ಗುಟ್ಟು ಅರ್ಧ ಇಲ್ಲೇ ಇದೆ.

ಬೆರಳು ನೆಕ್ಕಿ ಸಿಕ್ಕ ಸಿಹಿಗಳು

ಈ ವಸ್ತುಗಳ ಚರಿತ್ರೆಯನ್ನು ಉದ್ದ ಮಾಡುವುದಿಲ್ಲ. ಆದರೆ ಒಂದು ಮಾತು ಹೇಳದಿದ್ದರೆ ಅವುಗಳ ರುಚಿ ಯಾಕೆ ಹೀಗೆ ಎಂಬುದು ಅರ್ಥವಾಗದು. ಅಡುಗೆಗೆಂದು ಯಾರೂ ಇವನ್ನು ಹುಡುಕಲಿಲ್ಲ. ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಲ್ಲಿದ್ದಲು ಟಾರಿನ ಮೇಲೆ ಕೆಲಸ ಮಾಡಿ, ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂತಾಗ ಬ್ರೆಡ್ಡು ಸಿಹಿಯಾಗಿತ್ತು. ಅದು ಸ್ಯಾಕರಿನ್. ಮೈಕೇಲ್ ಸ್ವೇಡಾ 1937ರಲ್ಲಿ ಪ್ರಯೋಗಾಲಯದ ಮೇಜಿನ ಮೇಲಿಟ್ಟ ಸಿಗರೇಟನ್ನು ಮತ್ತೆ ತುಟಿಗಿಟ್ಟಾಗ ಸಿಹಿ ತಾಗಿತು. ಅದು ಸೈಕ್ಲಮೇಟ್. 1965ರಲ್ಲಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಿಗಾಗಿ ದುಡಿಯುತ್ತಿದ್ದಾಗ ಕಾಗದ ಎತ್ತಲು ಬೆರಳು ನೆಕ್ಕಿದರು. ಅದು ಆಸ್ಪರ್ಟೇಮ್. 1967ರಲ್ಲಿ ಜರ್ಮನಿಯ ಕಾರ್ಲ್ ಕ್ಲಾಸ್ ಅವರಿಗೂ ಬೆರಳು ನೆಕ್ಕಿಯೇ ಅಸಿಸಲ್ಫೇಮ್ ಸಿಕ್ಕಿತು.

ಸುಕ್ರಲೋಸ್‌ನ ಕಥೆಯಲ್ಲಿ ನಮ್ಮವರೊಬ್ಬರಿದ್ದಾರೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಶಶಿಕಾಂತ ಫಡ್ನಿಸ್ ಅವರಿಗೆ, ಕ್ಲೋರಿನ್ ಸೇರಿಸಿದ ಸಕ್ಕರೆಯನ್ನು 'ಟೆಸ್ಟ್' ಮಾಡು ಎಂದದ್ದು 'ಟೇಸ್ಟ್' ಮಾಡು ಎಂದು ಕೇಳಿಸಿತು. ಅವರು ನಿಜಕ್ಕೂ ನಾಲಿಗೆಗೆ ಹಚ್ಚಿಕೊಂಡರು. ಪ್ರಯೋಗಾಲಯದಲ್ಲಿ ಹಾಗೆ ಮಾಡುವುದು ಎಷ್ಟು ಅಪಾಯದ ಕೆಲಸ ಎಂದು ಇಂದು ನೆನೆದರೆ ಎದೆ ಝಲ್ಲೆನ್ನುತ್ತದೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಈ ವಸ್ತು ಸಕ್ಕರೆಯಿಂದಲೇ ಹುಟ್ಟಿದ್ದು. ಮೂರು ಕಡೆ ಕ್ಲೋರಿನ್ ಬಂದು ಕೂತಿದೆ, ಅಷ್ಟೆ. ಉಳಿದವುಗಳಿಗಿಂತ ಇದರ ರುಚಿ ಸಕ್ಕರೆಗೆ ಹತ್ತಿರ ಎಂದು ಹಲವರಿಗೆ ಅನ್ನಿಸುತ್ತದೆ, ನನಗೂ ಹಾಗೇ.

ಸ್ಟೀವಿಯಾ ಮಾತ್ರ ಪ್ರಯೋಗಾಲಯದ ಕೂಸಲ್ಲ. ಪರಾಗ್ವೇ ನಾಡಿನ ಗ್ವಾರಾನಿ ಜನ ತಲೆಮಾರುಗಳಿಂದ ತಮ್ಮ ಕಷಾಯಕ್ಕೆ ಹಾಕಿಕೊಳ್ಳುತ್ತಿದ್ದ ಎಲೆ ಅದು. ನಮ್ಮ ದೇಶದಲ್ಲಿ ಅದರ ಸಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿ ಸಿಕ್ಕಿದ್ದು 2015ರಲ್ಲಿ. ಎಲೆಯಿಂದ ಬಂದದ್ದು ಎಂಬ ಕಾರಣಕ್ಕೆ ರುಚಿ ತಾನಾಗಿ ಒಳ್ಳೆಯದಾಗುವುದಿಲ್ಲ ಎಂಬುದನ್ನು ಅದನ್ನು ಕಾಫಿಗೆ ಹಾಕಿದವರು ಬಲ್ಲರು.

ತಂಪಾಗಿ, ಹುಳಿಯಾಗಿ

ಕೃತಕ ಸಿಹಿ ಚೆನ್ನಾಗಿ ನೆಲೆ ಕಂಡುಕೊಂಡ ಜಾಗ ಸೋಡಾ ಬಾಟಲಿ. ಅಮೆರಿಕದಲ್ಲಿ 1963ರಲ್ಲಿ ಟ್ಯಾಬ್, 1982ರಲ್ಲಿ ಡಯಟ್ ಕೋಕ್ ಬಂದವು. ಸ್ಯಾಕರಿನ್ ಒಂದನ್ನೇ ಹಾಕಿದರೆ ಕಹಿ, ಸೈಕ್ಲಮೇಟ್ ಒಂದನ್ನೇ ಹಾಕಿದರೆ ಬೇರೊಂದು ಅಡ್ಡರುಚಿ. ಎರಡನ್ನೂ ಒಂದಕ್ಕೆ ಹತ್ತರಂತೆ ಬೆರೆಸಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತಿತ್ತು. ಅಮೆರಿಕ 1969ರಲ್ಲಿ ಸೈಕ್ಲಮೇಟನ್ನು ನಿಷೇಧಿಸಿದಾಗ ಆ ಜೋಡಿ ಅಲ್ಲಿ ಮುರಿಯಿತು. ಯುರೋಪಿನಲ್ಲಿ ಸೈಕ್ಲಮೇಟ್ ಇಂದಿಗೂ ಬಳಕೆಯಲ್ಲಿದೆ. ಈಗ ಆ ಕೆಲಸ ಮಾಡುತ್ತಿರುವ ಜೋಡಿ ಆಸ್ಪರ್ಟೇಮ್ ಮತ್ತು ಅಸಿಸಲ್ಫೇಮ್. ಒಂದು ಬೇಗ ಬಂದು ಹೋಗುತ್ತದೆ, ಇನ್ನೊಂದು ತಡವಾಗಿ ಬಂದು ನಿಲ್ಲುತ್ತದೆ. ಎರಡೂ ಸೇರಿ ಸಕ್ಕರೆಯ ಏರಿಳಿತವನ್ನು ಸುಮಾರಾಗಿ ಕಟ್ಟಿಕೊಡುತ್ತವೆ. ಜೊತೆಗೆ, ಬೇರೆ ಬೇರೆಯಾಗಿ ಕೊಡುವ ಸಿಹಿಯನ್ನು ಕೂಡಿಸಿದ್ದಕ್ಕಿಂತ ಬೆರೆಸಿದಾಗ ಕೊಡುವ ಸಿಹಿ ಹೆಚ್ಚು.

ಜನರ ನಾಲಿಗೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ಡಯಟ್ ಪೆಪ್ಸಿಯ ಪ್ರಸಂಗವೇ ಸಾಕ್ಷಿ. ಆಸ್ಪರ್ಟೇಮ್ ಬಗ್ಗೆ ಗ್ರಾಹಕರಿಗೆ ಅಂಜಿಕೆ ಇದೆ ಎಂದು ಕಂಪನಿ 2015ರಲ್ಲಿ ಅಮೆರಿಕದಲ್ಲಿ ಅದನ್ನು ತೆಗೆದು ಸುಕ್ರಲೋಸ್ ಹಾಕಿತು. ಹಳೇ ಗ್ರಾಹಕರು ರುಚಿ ಕೆಟ್ಟಿತೆಂದರು. ಮರುವರ್ಷವೇ ಆಸ್ಪರ್ಟೇಮ್ ಇರುವ ಹಳೆಯ ಪಾನೀಯ ಅಂಗಡಿಗೆ ಮರಳಿತು. ಬಿಡಿಯಾಗಿ ಸವಿದರೆ ಸುಕ್ರಲೋಸ್ ಮೇಲು ಎನ್ನುವವರೇ ಹೆಚ್ಚಿರಬಹುದು. ಆದರೆ ಆ ಪಾನೀಯ ಕುಡಿಯುವವರ ಬಾಯಲ್ಲಿ ಆಸ್ಪರ್ಟೇಮ್‌ನ ರುಚಿಯೇ ಡಯಟ್ ಪೆಪ್ಸಿಯ ರುಚಿಯಾಗಿ ಕೂತುಬಿಟ್ಟಿತ್ತು. ರೂಢಿಗೂ ರುಚಿಯಲ್ಲಿ ಪಾಲಿದೆ.

ನಿಂಬೆಪಾನಕದಲ್ಲಿ ಅಮ್ಮ ಯಾಕೆ ತಕರಾರು ಮಾಡಲಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ. ಹುಳಿ ಬಾಯಿಯ ಗಮನವನ್ನು ಸೆಳೆಯುತ್ತದೆ, ಉಳಿಯಹೊರಟ ಸಿಹಿಯನ್ನು ತೊಳೆದುಹಾಕುತ್ತದೆ. ನಮ್ಮ ಡಬ್ಬಿಯ ಗುಳಿಗೆಯಲ್ಲಿದ್ದ ಆಸ್ಪರ್ಟೇಮ್‌ಗೆ ನಿಂಬೆ, ಕಿತ್ತಳೆಯಂಥ ಹಣ್ಣಿನ ಪರಿಮಳವನ್ನು ಎತ್ತಿಕೊಡುವ ಗುಣವೂ ಇದೆ. ಪಾನಕಕ್ಕೆ ನಾವು ಹಾಕುವ ಚಿಟಿಕೆ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಇದು ಉಪ್ಪಿನ ಹಳೆಯ ಗುಣ, ಹಾಗಲಕಾಯಿಗೆ ಉಪ್ಪು ಸವರಿ ಹಿಂಡುವ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಏಲಕ್ಕಿ, ಶುಂಠಿ, ಮೆಣಸು ಸೇರಿದರೆ ಅಡ್ಡರುಚಿಗೆ ಅಡಗಲು ಜಾಗ ಸಿಗುತ್ತದೆ. ಪುನರ್ಪುಳಿ ಶರಬತ್ತಿನಲ್ಲೂ ಹೀಗೇ. ಸ್ಟೀವಿಯಾವನ್ನು ಎಲ್ಲಾದರೂ ಮೆಚ್ಚುವುದಿದ್ದರೆ ನಾನು ಮೆಚ್ಚುವುದು ಇಂಥ ಹುಳಿ ಪೇಯಗಳಲ್ಲೇ.

ತಂಪಿನ ವಿಚಾರಕ್ಕೆ ಬಂದರೆ ನಮ್ಮ ತಲೆಮಾರಿನ ಅನೇಕರಿಗೆ ಮೊದಲ ಕೃತಕ ಸಿಹಿ ಸಿಕ್ಕಿದ್ದು ಶಾಲೆಯ ಗೇಟಿನ ಮುಂದೆ, ಸೈಕಲ್ಲಿನ ಹಿಂದೆ ಕಟ್ಟಿದ ಡಬ್ಬದ ಐಸ್‌ಕ್ಯಾಂಡಿಯಲ್ಲಿ. ಬಣ್ಣದ ಕಡ್ಡಿಯನ್ನು ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎರಡೂ ಒಟ್ಟಿಗೆ ಬಾಯಿಗೆ ಬಂದು ಕೈಯಲ್ಲಿ ಬರೀ ಬಿಳಿ ಮಂಜುಗಡ್ಡೆ ಉಳಿಯುತ್ತಿತ್ತು. ಗಂಟಲಲ್ಲಿ ಒಂದು ತೆಳ್ಳನೆಯ ಕಹಿ. ಅದು ಸ್ಯಾಕರಿನ್. ಸಕ್ಕರೆ ಧಾರಾಳವಾಗಿ ಬಿದ್ದ ನೀರು ಅಷ್ಟು ಕಲ್ಲಾಗಿ ಹೆಪ್ಪುಗಟ್ಟುವುದಿಲ್ಲ, ಸಕ್ಕರೆ ನೀರನ್ನು ಹಿಡಿದಿಟ್ಟು ಗಡ್ಡೆಯನ್ನು ಮೆದುವಾಗಿಸುತ್ತದೆ. ಸ್ಯಾಕರಿನ್ ಚಿಟಿಕೆಯಷ್ಟು ಬೀಳುವುದರಿಂದ ಆ ಕೆಲಸ ಆಗುವುದಿಲ್ಲ. ಐಸ್‌ಕ್ರೀಮಿನಲ್ಲೂ ಇದೇ ತೊಡಕು. ಅದಕ್ಕೇ ಸಕ್ಕರೆರಹಿತ ಐಸ್‌ಕ್ರೀಮಿಗೆ ಮಾಲ್ಟಿಟಾಲ್, ಪಾಲಿಡೆಕ್ಸ್‌ಟ್ರೋಸ್‌ನಂಥವನ್ನು ತುಂಬುತ್ತಾರೆ.

ಐದು ಲೋಟ ಕಾಫಿ

ಇನ್ನು ಕಾಫಿ. ಒಂದು ಭಾನುವಾರ ಮನೆಯಲ್ಲಿ ಐದು ಲೋಟಗಳ ತಳಕ್ಕೆ ಗುರುತಿನ ಚೀಟಿ ಅಂಟಿಸಿ ಒಂದೇ ಡಿಕಾಕ್ಷನ್, ಒಂದೇ ಹಾಲು ಸುರಿದೆವು. ಒಂದಕ್ಕೆ ಸಕ್ಕರೆ, ಉಳಿದವಕ್ಕೆ ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್, ಸ್ಟೀವಿಯಾ. ಚಿಕೋರಿ ಬೆರೆತ ಪುಡಿ, ಗಟ್ಟಿ ಹಾಲು. ನಾಲ್ಕು ಜನ ಕುಡಿದೆವು, ನಡುವೆ ನೀರು ಮುಕ್ಕಳಿಸಿದೆವು.

ಸಕ್ಕರೆಯದನ್ನು ನಾಲ್ವರೂ ಮೊದಲ ಗುಟುಕಿಗೇ ಗುರುತಿಸಿದೆವು, ಅದೂ ಸಿಹಿಯಿಂದಲ್ಲ. ಕಾಫಿ ದಪ್ಪವಾಗಿತ್ತು. ಚಿಕ್ಕ ಲೋಟಕ್ಕೆ ಎರಡು ಚಮಚ ಸಕ್ಕರೆ ಬಿದ್ದರೆ ಕಾಫಿಗೆ ಒಂದು ಮೈ ಬರುತ್ತದೆ, ತುಟಿಗೆ ಕೊಂಚ ಅಂಟುತ್ತದೆ. ಮಿಲಿಗ್ರಾಂ ಲೆಕ್ಕದ ಗುಳಿಗೆಯಿಂದ ಅದು ಬರುವುದಿಲ್ಲ. ಅಮ್ಮ "ಕಾಫಿ ಎಲ್ಲೋ ಹೋಯ್ತು" ಎಂದದ್ದು ಇದನ್ನೇ. ಸ್ಯಾಕರಿನ್ ಲೋಟದಲ್ಲಿ ಕಾಫಿಯ ಕಹಿಯ ಹಿಂದೆ ಇನ್ನೊಂದು ಕಹಿ ಇತ್ತು, ಕಲಾಯಿ ಹೋದ ಪಾತ್ರೆಯ ಅಂಚಿಗೆ ನಾಲಿಗೆ ತಾಗಿಸಿದ ಹಾಗೆ. ಅಕ್ಕನಿಗೆ ಮಾತ್ರ ಅದು ಗೊತ್ತೇ ಆಗಲಿಲ್ಲ. ಅವಳ ನಾಲಿಗೆಯ ಜೀನು ಬೇರೆ ಇರಬೇಕು. ಆಸ್ಪರ್ಟೇಮ್ ದುಂಡಗೆ, ಹಿತವಾಗಿತ್ತು, ಕೊಂಚ ತಡವಾಗಿ ಬಂತು. ಸುಕ್ರಲೋಸ್ ಸಕ್ಕರೆಗೆ ತೀರ ಹತ್ತಿರ, ಆದರೆ ಲೋಟ ತೊಳೆದಿಟ್ಟ ಮೇಲೂ ಬಾಯಲ್ಲಿ ಸಿಹಿ ಇತ್ತು. ಫಿಲ್ಟರ್ ಕಾಫಿ ಕುಡಿದ ಮೇಲೆ ಬಾಯಲ್ಲಿ ಉಳಿಯಬೇಕಾದದ್ದು ಕಾಫಿ. ಇಲ್ಲಿ ಸಿಹಿ ಅದನ್ನು ಅಳಿಸಿಹಾಕುತ್ತದೆ. ಸ್ಟೀವಿಯಾ ಲೋಟವನ್ನು ಯಾರೂ ಮುಗಿಸಲಿಲ್ಲ.

ಹಾಲು ಇಲ್ಲಿ ಕಾಪಾಡಿದ್ದು ದೊಡ್ಡದು. ಹಾಲಿನ ಕೊಬ್ಬು, ಪ್ರೋಟೀನು ಒರಟನ್ನು ಸವರುತ್ತವೆ, ಹಾಲಿನಲ್ಲೇ ಇರುವ ಲ್ಯಾಕ್ಟೋಸ್ ಸಕ್ಕರೆಯ ಸಣ್ಣ ಸಿಹಿ ಬುನಾದಿಯಾಗುತ್ತದೆ. ಬರೀ ಡಿಕಾಕ್ಷನ್ನಿಗೆ ಇದೇ ಗುಳಿಗೆಗಳನ್ನು ಹಾಕಿ ನೋಡಿದಾಗ ಎಲ್ಲ ದೋಷಗಳೂ ಎದ್ದು ಕುಣಿದವು. ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಟೀ ಮಾತ್ರ ಕಾಫಿಗಿಂತ ಸುಲಭವಾಗಿ ಒಪ್ಪಿಕೊಂಡಿತು. ನನ್ನ ತೀರ್ಪು ಇಷ್ಟು: ಕಾಫಿಯಲ್ಲಿ ಗುಳಿಗೆಯ ಲೆಕ್ಕವನ್ನು ಅರ್ಧಕ್ಕಿಳಿಸಿ, ಡಿಕಾಕ್ಷನ್ ಗಟ್ಟಿ ಮಾಡಿಕೊಳ್ಳುವುದು ಮೇಲು. ಅಮ್ಮ ಈಗ ಎರಡು ಬಿಟ್ಟು ಒಂದೇ ಗುಳಿಗೆಗೆ ಬಂದಿದ್ದಾರೆ.

ಪಾಕ ಬೇಡುವ ತಿಂಡಿಗಳು

ಪಾಯಸದಲ್ಲಿ ಎರಡು ತಪ್ಪು ಒಟ್ಟಿಗೆ ಆಗಿತ್ತು. ಆಸ್ಪರ್ಟೇಮ್ ಎರಡು ಅಮೈನೋ ಆಮ್ಲಗಳು ಕೂಡಿದ ವಸ್ತು. ಕುದಿಸಿದರೆ ಕೂಡಿಕೆ ಒಡೆಯುತ್ತಾ ಹೋಗಿ ಸಿಹಿ ಸಾಯುತ್ತದೆ. ಹುಳಿ ಇರುವಲ್ಲಿ, ಪಿಎಚ್ 4.3ರ ಸುಮಾರಿನಲ್ಲಿ, ಅದು ತಿಂಗಳುಗಟ್ಟಲೆ ನಿಲ್ಲುತ್ತದೆ. ಹಾಲಿನಂಥ ಹುಳಿಯಿಲ್ಲದ ದ್ರವದಲ್ಲಿ ಬಹಳ ಬೇಗ ಕೆಡುತ್ತದೆ. ಬೇಯುತ್ತಿರುವ ಪಾಯಸಕ್ಕೆ ಗುಳಿಗೆ ಹಾಕಿ, ಉಳಿದದ್ದನ್ನು ಮರುದಿನ ಬಿಸಿ ಮಾಡಿದರೆ ಸಪ್ಪೆಯಾಗದೆ ಇನ್ನೇನು? ಒಲೆಯಿಂದ ಇಳಿಸಿ, ಉಣ್ಣುವ ಹೊತ್ತಿಗೆ ಬೆರೆಸಬೇಕು. ಸುಕ್ರಲೋಸ್ ಕುದಿತವನ್ನು ತಾಳಿಕೊಳ್ಳುತ್ತದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಹೆಸರುಬೇಳೆ ಪಾಯಸ ಬೆಲ್ಲದ ಅಡುಗೆ. ಬೆಲ್ಲದಲ್ಲಿ ಸಿಹಿಯ ಜೊತೆಗೆ ಕಬ್ಬಿನ ಹಾಲು ಕಾದು ಬಂದ ಕಮ್ಮನೆಯ ವಾಸನೆ, ಒಂದು ಎಳೆ ಉಪ್ಪು, ಕೆಂಪು ಬಣ್ಣ ಎಲ್ಲ ಇದೆ. ಹೋಳಿಗೆಯ ಹೂರಣದಿಂದ ಬೆಲ್ಲ ತೆಗೆದು ಗುಳಿಗೆ ಹಾಕಿದರೆ ಉಳಿಯುವುದು ಸಿಹಿಯಾದ ಬೇಳೆ. ಅದನ್ನು ಹೋಳಿಗೆ ಎಂದು ಬಡಿಸುವುದು ತಿನ್ನುವವರಿಗೂ ಹೋಳಿಗೆಗೂ ಮಾಡುವ ಅನ್ಯಾಯ.

ಮೈಸೂರುಪಾಕನ್ನು ನೋಡಿ. ಎಳೆಪಾಕ ಬಂದ ಸಕ್ಕರೆಗೆ ಕಡಲೆಹಿಟ್ಟು ಬೀಳುತ್ತದೆ, ಕಾದ ತುಪ್ಪ ಸುರಿದಾಗ ಬುಸ್ಸೆಂದು ನೊರೆಯೆದ್ದು ಹಿಟ್ಟಿನ ತುಂಬ ತೂತು ಮೂಡುತ್ತದೆ, ಆರುವಾಗ ಸಕ್ಕರೆ ಮತ್ತೆ ಹರಳುಗಟ್ಟಿ ಆ ತೂತುಗಳ ಗೋಡೆಯನ್ನು ನಿಲ್ಲಿಸುತ್ತದೆ. ಬಾಯಲ್ಲಿ ಪುಡಿಯಾಗಿ ಕರಗುವುದು ಆ ಗೋಡೆಯೇ. ಒಂದು ಕಿಲೋ ಸಕ್ಕರೆಯ ಸಿಹಿಗೆ ಎರಡು ಗ್ರಾಮಿಗೂ ಕಡಿಮೆ ಸುಕ್ರಲೋಸ್ ಸಾಕು. ಹೋದ 998 ಗ್ರಾಮಿನ ಜಾಗವನ್ನು ಯಾವುದು ತುಂಬಬೇಕು? ಗೋಡೆ ಕಟ್ಟುವವರು ಯಾರು? ಸಿಹಿ ಕೊಡುವುದು ಸಕ್ಕರೆ ಮಾಡುವ ಹತ್ತು ಕೆಲಸಗಳಲ್ಲಿ ಒಂದು. ಅದು ತೂಕ ಕೊಡುತ್ತದೆ, ತೇವ ಹಿಡಿಯುತ್ತದೆ, ಕೆಂಪಗಾಗುತ್ತದೆ, ಕೆಡದಂತೆ ಕಾಯುತ್ತದೆ. ಸಕ್ಕರೆಯಿಲ್ಲದ ಬಿಸ್ಕತ್ತು ಗರಿಗರಿ ಕಳೆದುಕೊಳ್ಳುವುದೂ, ಸಕ್ಕರೆಯಿಲ್ಲದ ಮುರಬ್ಬಕ್ಕೆ ಬೂಷ್ಟು ಹಿಡಿಯುವುದೂ ಇದರಿಂದಲೇ.

ಆ ಜಾಗ ತುಂಬಲು ಬಂದವು ಸೋರ್ಬಿಟಾಲ್, ಮಾಲ್ಟಿಟಾಲ್, ಎರಿಥ್ರಿಟಾಲ್‌ಗಳಂಥ ಪಾಲಿಯಾಲ್‌ಗಳು. ಮೈಸೂರಿನ ಸಿಎಫ್‌ಟಿಆರ್‌ಐ ಸಂಶೋಧಕರು ಜಾಮೂನಿನ ಸಕ್ಕರೆ ಪಾಕದ ಜಾಗದಲ್ಲಿ ಸೋರ್ಬಿಟಾಲ್ ಬಳಸಿ ಪ್ರಯೋಗ ನಡೆಸಿದ್ದಾರೆ. ಇಂಥ ವಸ್ತುಗಳಿಗೆ ಸಕ್ಕರೆಯಂತೆಯೇ ತೂಕವಿದೆ, ಪಾಕವೂ ಆಗುತ್ತದೆ. ಮಾಲ್ಟಿಟಾಲ್ ಸಕ್ಕರೆಯ ನೂರಕ್ಕೆ 90ರಷ್ಟು ಸಿಹಿ. ಸಕ್ಕರೆರಹಿತ ಚಾಕೊಲೇಟು ತಿನ್ನುವಂತಿರುವುದು ಅದರಿಂದ. ಎರಿಥ್ರಿಟಾಲ್ ಬಾಯಲ್ಲಿ ಕರಗುವಾಗ ಶಾಖ ಹೀರಿಕೊಳ್ಳುವುದರಿಂದ ನಾಲಿಗೆ ತಣ್ಣಗಾಗುತ್ತದೆ. ಪುದೀನದ ಚೂಯಿಂಗ್ ಗಮ್ಮಿನಲ್ಲಿ ಇಂಥ ತಂಪು ಚೆನ್ನಾಗಿಯೇ ಇರುತ್ತದೆ. ತುಪ್ಪದ ಬರ್ಫಿಯಲ್ಲಿ ಅದೇ ತಂಪು ಬಾಯಿಗೆ ಆಘಾತ. ಪಾಲಿಯಾಲ್‌ಗಳು ಹೆಚ್ಚಾದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ, ಪೊಟ್ಟಣದ ಮೇಲೆ ಈ ಎಚ್ಚರಿಕೆ ಕಡ್ಡಾಯ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಒಂದಷ್ಟು ಏರಿಸುತ್ತದೆ ಕೂಡ. ಬೇಕರಿಯ ಒಲೆಗೆ ಸುಕ್ರಲೋಸ್ ಹಾಕುವವರಿಗೂ ಒಂದು ಮಾತಿದೆ: 120 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಾನಿಕರ ಕ್ಲೋರಿನ್ ಸಂಯುಕ್ತಗಳು ಹುಟ್ಟಬಹುದು ಎಂದು ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿದೆ.

ನನ್ನ ಅನುಭವದಲ್ಲಿ ಈ ಬದಲಿಗಳನ್ನು ಚೆನ್ನಾಗಿ ತಾಳಿಕೊಳ್ಳುವ ಮಿಠಾಯಿ ಎಂದರೆ ಹಾಲು ಬತ್ತಿಸಿ ಮಾಡಿದವು. ಖೋವಾದಲ್ಲೇ ತೂಕವಿದೆ, ಕೊಬ್ಬಿದೆ, ಹಾಲಿನ ಸಕ್ಕರೆ ಇದೆ. ಧಾರವಾಡದ ಪೇಡೆಯ ಕೆಂಪು ಬಣ್ಣ, ಸುಟ್ಟ ಕಂಪು ಖೋವಾವನ್ನು ಹೊತ್ತುಗಟ್ಟಲೆ ಹುರಿಯುವುದರಿಂದ ಬರುತ್ತದೆ. ಸಿಹಿಕಾರಕಕ್ಕೆ ಅಲ್ಲಿ ಮಾಡಬೇಕಾದ ಕೆಲಸ ಕಡಿಮೆ. ಆದರೆ ಹಾಲಿನ ಸಕ್ಕರೆಯೂ ಸಕ್ಕರೆಯೇ, ಅದನ್ನು ಮರೆತು ನಾಲ್ಕು ತಿನ್ನುವಂತಿಲ್ಲ.

ಕೃತಕ ಸಿಹಿಯ ಸಹವಾಸವೇ ಬೇಡ ಎನ್ನುವವರೂ ದಿನಾ ಬೆಳಿಗ್ಗೆ ಅದನ್ನು ಬಾಯಲ್ಲಿಟ್ಟುಕೊಳ್ಳುತ್ತಾರೆ. ಟೂತ್‌ಪೇಸ್ಟಿನ ಸಿಹಿ ಸಾಮಾನ್ಯವಾಗಿ ಸ್ಯಾಕರಿನ್ ಮತ್ತು ಸೋರ್ಬಿಟಾಲ್‌ನದು. ಪುದೀನದ ಖಾರ, ನೊರೆ, ಉಗುಳುವ ಪದ್ಧತಿ ಎಲ್ಲ ಸೇರಿ ಸ್ಯಾಕರಿನ್‌ನ ಕಹಿ ನಮಗೆ ತಿಳಿಯುವುದೇ ಇಲ್ಲ. ಮಕ್ಕಳ ಔಷಧಿಯ ಸಿರಪ್ಪಿನಲ್ಲೂ ಅದು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ.

ಆರೋಗ್ಯದ ಮಾತು ಪೂರ್ತಿ ಬಿಡುವಂತಿಲ್ಲ. ತೂಕ ಇಳಿಸಲೆಂದು ಇವುಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಹೇಳಿತು. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಅದೇ ವರ್ಷದ ಜುಲೈನಲ್ಲಿ ಆಸ್ಪರ್ಟೇಮನ್ನು 'ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಪಟ್ಟಿಗೆ ಸೇರಿಸಲಾಯಿತು. ಆದರೆ ದಿನಕ್ಕೆ ದೇಹತೂಕದ ಕಿಲೋಗೆ 40 ಮಿಲಿಗ್ರಾಂ ಎಂಬ ಮಿತಿ ಬದಲಾಗಲಿಲ್ಲ. ಗುಳಿಗೆಯೊಂದರಲ್ಲಿ ಸುಮಾರು 18 ಮಿಲಿಗ್ರಾಂ ಇದ್ದರೆ, 60 ಕಿಲೋ ತೂಕದವರು ಆ ಮಿತಿ ಮುಟ್ಟಲು ದಿನಕ್ಕೆ ನೂರಮೂವತ್ತಕ್ಕಿಂತ ಹೆಚ್ಚು ಗುಳಿಗೆ ನುಂಗಬೇಕು. ಫೀನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವವರಿಗೆ ಮಾತ್ರ ಆಸ್ಪರ್ಟೇಮ್ ಕೂಡದು.

ರುಚಿಯ ಕಡೆಯಿಂದ ನನಗೆ ತೋರುವುದನ್ನು ನೇರವಾಗಿ ಹೇಳುತ್ತೇನೆ. ಪಾನಕ, ಶರಬತ್ತು, ಮಸಾಲೆ ಟೀಗೆ ಗುಳಿಗೆ ಧಾರಾಳವಾಗಿ ಸಾಕು. ಕಾಫಿಯಲ್ಲಿ ಹೊಂದಿಕೊಂಡು ಹೋಗಬಹುದು. ಪಾಕದ ಮಿಠಾಯಿಗೆ, ಬೆಲ್ಲದ ಅಡುಗೆಗೆ ಇವುಗಳನ್ನು ಹಾಕಬೇಡಿ. ವೈದ್ಯರು ಒಪ್ಪಿದಷ್ಟು, ಹೆಬ್ಬೆರಳ ಗಾತ್ರದ ನಿಜವಾದ ಹೋಳಿಗೆಯ ಚೂರು ದೊಡ್ಡ ಹುಸಿ ಹೋಳಿಗೆಗಿಂತ ಮೇಲು.

ಕೊನೆಗೆ ಒಂದು ಮನವಿ. ಪೊಟ್ಟಣದಲ್ಲಿ ಬರುವ ತಿನಿಸಿನ ಮೇಲೆ ಯಾವ ಸಿಹಿಕಾರಕ ಎಂದು ಬರೆದಿರುತ್ತದೆ. ಮಿಠಾಯಿ ಅಂಗಡಿಯ ತಟ್ಟೆಯ ಮೇಲೆ 'ಶುಗರ್ ಫ್ರೀ' ಎಂಬ ಚೀಟಿಯಷ್ಟೇ ಇರುತ್ತದೆ. ಅದರಡಿ ಮಾಲ್ಟಿಟಾಲ್ ಬರ್ಫಿಯೂ ಇರಬಹುದು, ಸುಕ್ರಲೋಸ್ ಪೇಡೆಯೂ ಇರಬಹುದು, ಅರ್ಧಕ್ಕಿಂತ ಹೆಚ್ಚು ತೂಕ ಸಕ್ಕರೆಯೇ ಇರುವ ಖರ್ಜೂರದ ಉಂಡೆಯೂ ಇರಬಹುದು. ಮುಂದಿನ ಸಲ ಮನೆಯ ಹಿರಿಯರಿಗೆಂದು ಕಾಲು ಕಿಲೋ ಕಟ್ಟಿಸುವ ಮೊದಲು, "ಇದಕ್ಕೆ ಸಕ್ಕರೆ ಬದಲು ಏನು ಹಾಕಿದ್ದೀರಿ?" ಎಂದು ದಯವಿಟ್ಟು ಕೇಳಿ. ಅವರಿಗೆ ಹೇಳಲು ಬಾರದಿದ್ದರೆ ಕೊಳ್ಳಬೇಡಿ.